ಕೊನೆಯ ಹಾಳೆಯ ತೂತು

ನಾನು ಒಂದು ಪುಸ್ತಕ. ಹಾಗೆಂದು ನಾನೇ ಹೇಳಿಕೊಳ್ಳಬೇಕು, ಬೇರೆ ಯಾರೂ ಹೇಳುವುದಿಲ್ಲ. ಅಂಗಡಿಯಲ್ಲಿ ಮಾರಾಟಕ್ಕಿಡುವ ಜಾತಿ ನನ್ನದಲ್ಲ. ನನಗೆ ಮುನ್ನುಡಿ ಇಲ್ಲ, ಬೆಲೆ ಇಲ್ಲ, ಬೆನ್ನಿನ ಮೇಲೆ ಹೆಸರಿಲ್ಲ. ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಒಂದು ಕಾದಂಬರಿಯ ಹಾಳೆಗಳನ್ನು ವಾರವಾರವೂ ಬಿಡಿಸಿ, ಹಾಸಿಗೆಯ ಕೆಳಗಿಟ್ಟು ಮಟ್ಟ ಮಾಡಿ, ಕಡೆಗೆ ದಬ್ಬಳದಲ್ಲಿ ಹೊಲಿದು ಮಾಡಿದ ಪುಸ್ತಕ ನಾನು. ಆ ಕಾಲದಲ್ಲಿ ನನ್ನಂಥವರು ಎಷ್ಟೋ ಮನೆಗಳಲ್ಲಿ ಇದ್ದರು. ಈಗ ಹುಡುಕಿದರೂ ಸಿಗಲಿಕ್ಕಿಲ್ಲ.

ಕಾದಂಬರಿಯ ಹೆಸರು ‘ಗಂಟೆ ಹೊಡೆದ ಮೇಲೆ’. ಈ ಹೆಸರು ಹೇಳಿದರೆ ಜನರ ಕಣ್ಣ ಮುಂದೆ ಬರುವುದು ಆ ಅಚ್ಚಾದ ಪುಸ್ತಕ. ನುಣ್ಣನೆಯ ಹೊದಿಕೆ, ನೆಟ್ಟಗಿನ ಬೆನ್ನು, ಬಿಳಿ ಹಾಳೆ. ಕಾಲೇಜಿನಲ್ಲಿ ಪಾಠ ಮಾಡಿದ್ದು ಅದನ್ನು, ಸಭೆಗಳಲ್ಲಿ ಹೊಗಳಿದ್ದು ಅದನ್ನು, ಮರುಮುದ್ರಣದ ಮೇಲೆ ಮರುಮುದ್ರಣ ಕಂಡದ್ದು ಅದು. ಅದು ಹುಟ್ಟುವುದಕ್ಕೆ ಎರಡು ವರ್ಷ ಮೊದಲೇ ನಾನು ಹುಟ್ಟಿದ್ದೆ. ಅಣ್ಣ ನಾನು, ಹೆಸರು ಮಾತ್ರ ತಮ್ಮನಿಗೆ. ಹೊಟ್ಟೆಕಿಚ್ಚೇ ಎಂದು ಕೇಳಿದರೆ ಹೌದೆನ್ನುತ್ತೇನೆ. ಮುಚ್ಚಿಡೋಣವೆಂದರೆ ನನ್ನ ರಟ್ಟು ಸರಿಯಾಗಿ ಮುಚ್ಚಿಕೊಳ್ಳುವುದೂ ಇಲ್ಲ.

ನನ್ನನ್ನು ಹೊಲಿದವಳು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನ ಹೇಮಾವತಿ. ಗಂಡ ತಿಪ್ಪೇಸ್ವಾಮಿ ಕಾರ್ಖಾನೆಯಲ್ಲಿ ಫಿಟ್ಟರು. ಒಳ್ಳೆಯ ಮನುಷ್ಯ. ಆದರೆ ಅಕ್ಷರವೆಂದರೆ ಅವನಿಗೆ ಶಿಫ್ಟಿನ ಬೋರ್ಡು ಅಷ್ಟೇ. ಹೇಮಾವತಿ ಮಾತ್ರ ಕಡಲೆಕಾಯಿ ಕಟ್ಟಿಕೊಂಡು ಬಂದ ಕಾಗದವನ್ನೂ ಬಿಡಿಸಿ ಓದುವ ಹೆಂಗಸು. ಪಕ್ಕದ ಮನೆಯ ತಾರಕ್ಕ ಮತ್ತು ಅವಳು ಸೇರಿ ಎರಡು ಮನೆಗೆ ಒಂದು ವಾರಪತ್ರಿಕೆ ತರಿಸುತ್ತಿದ್ದರು. ಹಾಗೆ ಪಾಲಿನಲ್ಲಿ ತರಿಸುವವರ ನಡುವೆ ಒಂದು ಕಟ್ಟಳೆ ಇರುತ್ತದೆ. ಇವರದು ಹೀಗಿತ್ತು: ಕಥೆಯ ಹಾಳೆ ಹೇಮಾವತಿಗೆ, ಅಡುಗೆಯ ಹಾಳೆ ತಾರಕ್ಕನಿಗೆ. ಇಬ್ಬರೂ ನೋಡಿ ಮುಗಿಸುವ ತನಕ ಯಾರೂ ಕತ್ತರಿ ಆಡಿಸುವಂತಿಲ್ಲ. ಕಥೆಯ ಬೆನ್ನಿಗೇ ಅಡುಗೆ ಬಂದರೆ ಹಾಳೆ ಕಥೆಗೆ ಸೇರತಕ್ಕದ್ದು, ಅಡುಗೆಯನ್ನು ತಾರಕ್ಕ ಕೈಯಲ್ಲಿ ಬರೆದುಕೊಳ್ಳತಕ್ಕದ್ದು. ಈ ಕಟ್ಟಳೆಗೆ ತಾರಕ್ಕ ಒಪ್ಪಿದ್ದಳು, ಒಳಗೊಳಗೇ ಗೊಣಗಿಕೊಂಡು.

ನನ್ನೊಳಗಿನ ಕಥೆಯ ಹುಡುಗನ ಹೆಸರು ಪಂಪಾಪತಿ. ಹದಿನಾರು ವರ್ಷ. ಶಾಲೆಯ ಗಂಟೆ ಹೊಡೆದ ಮೇಲೆ ಅವನು ಮನೆಗೆ ಹೋಗುವುದಿಲ್ಲ. ಬೀರೂರು ಜಂಕ್ಷನ್ನಿನ ವೇಟಿಂಗ್ ರೂಮಿನಲ್ಲಿ, ಎಲ್ಲಿಗೋ ಹೊರಟವನ ಹಾಗೆ ಕೂತಿರುತ್ತಾನೆ. ಪಕ್ಕದವರು ಯಾವೂರಿಗೆ ಎಂದು ಕೇಳಿದರೆ ದಿನಕ್ಕೊಂದು ಊರಿನ ಹೆಸರು ಹೇಳುತ್ತಾನೆ. ಮನೆಯಲ್ಲಿ ಅವನಿಗೆ ಯಾರ ಜೊತೆಯೂ ಮಾತಿಲ್ಲ, ಅಪರಿಚಿತರ ಜೊತೆ ಬೇಕಾದಷ್ಟು ಮಾತು. ಒಂದು ದಿನ ನಿಜವಾಗಿಯೇ ಗಾಡಿ ಹತ್ತಿಬಿಡುತ್ತೇನೆ ಎಂದು ಅವನು ಮೊದಲ ಕಂತಿನಲ್ಲೇ ಹೇಳುತ್ತಾನೆ. ಹತ್ತುತ್ತಾನೋ ಇಲ್ಲವೋ ಎಂಬುದೇ ಇಡೀ ಕಥೆ. ದೊಡ್ಡವರು ಇದು ಹುಡುಗರನ್ನು ಕೆಡಿಸುವ ಕಥೆ ಎಂದು ಸಂಪಾದಕರಿಗೆ ಬರೆದರು. ಹುಡುಗರು ಮನೆಯವರಿಗೆ ಗೊತ್ತಾಗದ ಹಾಗೆ ಓದಿದರು. ಗುರುವಾರ ಬಂತೆಂದರೆ ಹೇಮಾವತಿ ಬಾಗಿಲಲ್ಲಿ ನಿಂತು ಪೇಪರಿನವನ ಸೈಕಲ್ಲಿಗೆ ಕಾಯುತ್ತಿದ್ದಳು. ಆ ಕಾಯುವಿಕೆಯೆಲ್ಲ ನನ್ನದು. ಅಚ್ಚಾದ ಪುಸ್ತಕಕ್ಕೆ ಯಾರು ಹಾಗೆ ಬಾಗಿಲಲ್ಲಿ ನಿಂತಿದ್ದಾರೆ? ಚಿತ್ರಗಳೂ ಇದ್ದದ್ದು ನನ್ನಲ್ಲಿ. ಪ್ರತಿ ಕಂತಿಗೂ ಹಣೆಯ ಮೇಲೆ ಕೂದಲು ಬಿಟ್ಟುಕೊಂಡ ಪಂಪಾಪತಿಯ ಒಂದು ಚಿತ್ರ, ಕೊನೆಗೆ ಕಂಸದಲ್ಲಿ ‘ಮುಂದುವರಿಯುವುದು’ ಎಂಬ ಮಾತು.

ಕಡೆಯ ಕಂತು ಬಂದ ವಾರವೇ ಹೇಮಾವತಿಗೆ ಹೆರಿಗೆಯಾಯಿತು. ಹೆಣ್ಣುಮಗು. ಅವಳು ಆಸ್ಪತ್ರೆಯಲ್ಲಿ ಮಲಗಿದ್ದಾಗ ಪತ್ರಿಕೆ ತಾರಕ್ಕನ ಮನೆಗೆ ಬಂತು. ತಾರಕ್ಕ ಅವತ್ತೇ ಹೊಳಲ್ಕೆರೆಯ ತವರಿಗೆ ಹೊರಟಿದ್ದಳು, ರಿಕ್ಷಾ ಬಾಗಿಲಿಗೆ ಬಂದಿತ್ತು. ಪತ್ರಿಕೆ ತಿರುವಿದರೆ ಹೇರಳೆಕಾಯಿ ಉಪ್ಪಿನಕಾಯಿ ಮಾಡುವ ವಿಧಾನ. ಅವಳ ತಾಯಿ ಅದನ್ನು ವರ್ಷದಿಂದ ಕೇಳುತ್ತಿದ್ದರಂತೆ. ಕೂತು ಬರೆದುಕೊಳ್ಳುವಷ್ಟು ವ್ಯವಧಾನವಿಲ್ಲ. ಹಿಂದೆ ತಿರುಗಿಸಿ ನೋಡಿದಳು, ಕಥೆಯಿತ್ತು. ಆದರೆ ಅದರ ತುದಿಯಲ್ಲಿ ‘ಮುಗಿಯಿತು’ ಎಂದು ಅಚ್ಚಾಗಿತ್ತು. ಚೌಕವಾಗಿ ಕತ್ತರಿಸಿಕೊಂಡು ರಿಕ್ಷಾ ಹತ್ತಿದಳು.

ಮಗುವಿನೊಂದಿಗೆ ಮನೆಗೆ ಬಂದ ಹೇಮಾವತಿ ಮೊದಲು ಕೇಳಿದ್ದು ಪತ್ರಿಕೆಯನ್ನು. ಬಾಣಂತಿ ಓದಬಾರದು, ಹೊಲಿಯಬಾರದು, ಕಣ್ಣಿಗೆ ನಂಜಾಗುತ್ತದೆ ಎಂದು ಅವಳ ತಾಯಿ ಕಾವಲು ಕೂತಿದ್ದರು. ಅವರು ನೀರು ಕಾಯಿಸಲು ಹೋದಾಗ ಹೊದಿಕೆಯೊಳಗೆ ತಲೆ ಹಾಕಿಕೊಂಡು ಓದಿದಳು. ‘ಹುಬ್ಬಳ್ಳಿ ಗಾಡಿ ಬಂತು. ಪಂಪಾಪತಿ ಬೆಂಚಿನಿಂದ ಎದ್ದ. ಬಾಗಿಲಿಗೆ ಬಂದು ಒಂದು ಸಲ’ ಎಂಬಲ್ಲಿಗೆ ಬಂದಳು. ಅದರ ಕೆಳಗೆ ತೂತು. ತೂತಿನಾಚೆ ಅವಳದೇ ಹಸಿರು ಬಳೆ ಕಾಣುತ್ತಿತ್ತು.

ತಾರಕ್ಕ ತವರಿನಿಂದ ಬಂದ ಮೇಲೆ ವಿಚಾರಣೆ ನಡೆಯಿತು.

“ಏನ್ ತಾರಕ್ಕಾ ಹಿಂಗ್ ಮಾಡಿದ್ರಿ?”

“ಅಯ್ಯೋ, ಮುಗಿಯಿತು ಅಂತ ಹಾಕಿತ್ತು ಕಣೆ ಹೇಮಾ. ಮುಗಿದ್ಮೇಲೆ ಇನ್ನೇನಿರುತ್ತೆ ಅಂದ್ಕೊಂಡೆ.”

“ಆ ಚೂರಾದ್ರೂ ಎಲ್ಲಿದೆ?”

“ನಮ್ಮಮ್ಮನ ಅಡುಗೆಮನೆ ಗೋಡೆಗೆ ಮೈದಾ ಅಂಟು ಹಾಕಿ ಅಂಟಿಸಿಬಂದೆ. ಗಟ್ಟಿಯಾಗಿ ಕೂತಿದೆ, ಇನ್ನು ಬರಲ್ಲ.”

ಹೇಮಾವತಿ ಒಂದು ವಾರ ತಾರಕ್ಕನ ಜೊತೆ ಮಾತಾಡಲಿಲ್ಲ. ಆಮೇಲೆ ಉಪ್ಪಿನಕಾಯಿ ಚೆನ್ನಾಗಿ ಬಂದದ್ದರಿಂದ ಮಾತಾಡಿದಳು. ಅಂಗಡಿಯಲ್ಲಿ ಆ ಸಂಚಿಕೆ ಒಂದೂ ಉಳಿದಿರಲಿಲ್ಲ, ಕಡೆಯ ಕಂತೆಂದು ಊರಿಗೆ ಊರೇ ಕೊಂಡುಬಿಟ್ಟಿತ್ತು. ಇದ್ದದ್ದನ್ನೇ ಅವಳು ಹೊಲಿದಳು. ತಾಯಿಯ ಕಣ್ಣು ತಪ್ಪಿಸಿ ಒಂದೊಂದು ಹೊಲಿಗೆ. ಸೀರೆ ಪೆಟ್ಟಿಗೆಯ ರಟ್ಟು, ತಿಪ್ಪೇಸ್ವಾಮಿಯ ಹಳೆಯ ಖಾಕಿ ಪ್ಯಾಂಟಿನ ಬಟ್ಟೆಯ ಬೆನ್ನು, ಹುಳ ಹಿಡಿಯದಿರಲೆಂದು ಮೈಲುತುತ್ತ ಕಲಸಿದ ಅಂಟು. ಪಕ್ಕದಲ್ಲಿ ಮಲಗಿದ್ದ ಮಗುವಿಗಿಂತ ನಾನು ಕೆಲವೇ ವಾರ ಚಿಕ್ಕವನು. ಮಗುವಿಗೆ ಮಂದಾಕಿನಿ ಎಂದು ಹೆಸರಿಟ್ಟರು. ನನಗೆ ಯಾರೂ ಹೆಸರಿಡಲಿಲ್ಲ.

ಮಂದಾ ಬೆಳೆದಳು. ಅವಳಿಗೆ ಏಳೆಂಟು ವರ್ಷವಾದಾಗಿನಿಂದ ಹೇಮಾವತಿ ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಓದಿ ಹೇಳತೊಡಗಿದಳು. ಆ ವಯಸ್ಸಿಗೆ ಹೇಳುವ ಕಥೆಯಲ್ಲ ಅದು. ಆದರೆ ಮನೆಯಲ್ಲಿ ಇದ್ದದ್ದು ನಾನೊಬ್ಬನೇ. ಹಾಗೆ ಒಬ್ಬನೇ ಇದ್ದೆನಲ್ಲ, ಆ ವರ್ಷಗಳೇ ನನ್ನ ವರ್ಷಗಳು. ಕಡೆಯ ಹಾಳೆ ಬಂದರೆ ಮಂದಾ ಎದುರಿಗೆ ಹೋಗಿ ಕೂತು ತೂತಿಗೆ ಕಣ್ಣಿಡುತ್ತಿದ್ದಳು.

“ಬಾಗಿಲಿಗೆ ಬಂದು ಒಂದು ಸಲ... ಆಮೇಲೆ?”

ಹೇಮಾವತಿ ತೂತಿನೊಳಗಿನ ಆ ಕಣ್ಣನ್ನೇ ನೋಡಿಕೊಂಡು, ಅಚ್ಚಾಗಿದ್ದನ್ನು ಓದುವ ದನಿಯಲ್ಲೇ ಹೇಳುತ್ತಿದ್ದಳು. “ಬಾಗಿಲಿಗೆ ಬಂದು ಒಂದು ಸಲ ಗಾಡಿ ನೋಡಿದ. ಹತ್ತಲಿಲ್ಲ. ಮನೆಗೆ ಹೋದ. ಅವನಮ್ಮ ಎಲ್ಲಿಗೆ ಹೋಗಿದ್ದೆ ಅಂತ ಕೇಳಲಿಲ್ಲ. ತಟ್ಟೆಗೆ ಮುದ್ದೆ ಹಾಕಿ ಮುಚ್ಚಿಟ್ಟಿದ್ದಳು. ಮುದ್ದೆ ಬಿಸಿಯಾಗಿತ್ತು.”

“ಮುಚ್ಚಿಟ್ಟ ಮುದ್ದೆ ಹೆಂಗಮ್ಮ ಬಿಸಿ ಇರುತ್ತೆ?”

“ಈಗತಾನೇ ಮುಚ್ಚಿಟ್ಟಿದ್ದಳು.”

ಅಚ್ಚಾದ ಪುಸ್ತಕ ಅಷ್ಟರಲ್ಲಿ ಹೊರಬಂದು ಹೆಸರು ಮಾಡಿತ್ತು. ಹೇಮಾವತಿ ಅದನ್ನು ತರಿಸಲಿಲ್ಲ. ಮೊದಲು ತಿಪ್ಪೇಸ್ವಾಮಿ ಒಂದೇ ಕಥೆಗೆ ಎರಡು ಪುಸ್ತಕ ಯಾಕೆ ಎಂದ. ಆಮೇಲೆ ಅವಳಿಗೇ ಬೇಡವೆನ್ನಿಸಿತು. ತಾನೊಂದು ಕೊನೆ ಹೇಳಿಬಿಟ್ಟ ಮೇಲೆ ನಿಜವಾದ ಕೊನೆ ಏನೆಂದು ತಿಳಿಯುವುದಕ್ಕೆ ಅವಳು ಹೆದರುತ್ತಿದ್ದಳು. ನನಗೂ ಅದೇ ಹೆದರಿಕೆ. ಆ ಪುಸ್ತಕ ಈ ಮನೆಯ ಹೊಸಿಲು ದಾಟದಿರಲಿ ಎಂದು ಹರಕೆ ಹೊತ್ತಿದ್ದೆ.

ದಾಟಿಯೇ ದಾಟಿತು. ಮಂದಾ ಪಿಯುಸಿ ಸೇರಿದಾಗ ಅದೇ ಅವಳ ಉಪಪಠ್ಯ. ಕಂದು ಕಾಗದದ ಹೊದಿಕೆ ಹಾಕಿಸಿಕೊಂಡು, ಹೊಸ ಅಳಿಯನ ಹಾಗೆ ನಡುಮನೆಗೆ ಬಂದು, ಗೋಡೆಯ ಗೂಡಿನಲ್ಲಿ ನನ್ನ ಪಕ್ಕದಲ್ಲೇ ಕೂತಿತು. ಅದರ ಬೆನ್ನು ನನ್ನ ಖಾಕಿ ಬೆನ್ನಿಗೆ ತಾಗಿದಾಗ ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಎಲ್ಲ ಹಾಳೆಯೂ ಒಂದೇ ಅಳತೆ, ಒಂದು ತೂತಿಲ್ಲ. ಚಿತ್ರವೂ ಇಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ. ಅಂಥ ಸಮಾಧಾನ ಎಷ್ಟು ದಿನ ನಿಲ್ಲುತ್ತದೆ?

ಮಂದಾ ಆ ಹೊತ್ತಿಗೆ ಮೊದಲಿನ ಮಂದಾ ಆಗಿರಲಿಲ್ಲ. ಮಾತು ಕಡಿಮೆಯಾಗಿತ್ತು. ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತರೆ ಕೂತಳು. ಏನಾಯಿತೆಂದು ಕೇಳಿದರೆ ಏನಿಲ್ಲ ಅನ್ನುವಳು, ಕೇಳದಿದ್ದರೆ ಯಾರೂ ಕೇಳುವುದಿಲ್ಲ ಅನ್ನುವಳು. ಏನಾಗಿದೆಯೆಂದು ಅವಳಿಗೇ ಗೊತ್ತಿರಲಿಲ್ಲ. ತಾಯಿ ಬಾಚಿದ ಜಡೆ ಬಿಚ್ಚಿ ತಾನೇ ಬಾಚಿಕೊಳ್ಳುವಳು. ಕ್ವಾರ್ಟರ್ಸಿನ ಲೈನಿನಲ್ಲಿ ಎಲ್ಲರೂ ಹೇಮಾವತಿ ಮಗಳು ಎಂದು ಕರೆದರೆ ಅವಳ ಮುಖ ಗಂಟಾಗುತ್ತಿತ್ತು. ಪಂಪಾಪತಿಯನ್ನು ಅವಳು ಓದುತ್ತಿರಲಿಲ್ಲ, ಅವನ ಜೊತೆ ಒಳಗೇ ಮಾತಾಡುತ್ತಿದ್ದಳು. ಅದೂ ಆ ಪುಸ್ತಕದಲ್ಲಿ. ಅದೇ ಹುಡುಗ, ಅದೇ ಮಾತುಗಳು ನನ್ನೊಳಗೂ ಇದ್ದವು. ನನ್ನ ಕಡೆ ಕೈ ಚಾಚಲಿಲ್ಲ.

ಒಂದು ಮಧ್ಯಾಹ್ನ ಅವಳು ಆ ಪುಸ್ತಕದ ಕಡೆಯ ಪುಟ ಮುಗಿಸಿದಳು. ಎದ್ದು ಬಂದು ನನ್ನನ್ನು ಎಳೆದುಕೊಂಡು ಕಡೆಯ ಹಾಳೆ ತೆಗೆದಳು. ಅಡುಗೆಮನೆಗೆ ಹೋಗಿ, ರೊಟ್ಟಿ ತಟ್ಟುತ್ತಿದ್ದ ತಾಯಿಯ ಮುಂದೆ ಹಿಡಿದಳು.

“ಪಂಪಾಪತಿ ಗಾಡಿ ಹತ್ತುತ್ತಾನೆ.”

ಹೇಮಾವತಿಯ ಕೈ ನಿಂತಿತು.

“ಇದರಲ್ಲಿದೆ ನೋಡು. ‘ಪಂಪಾಪತಿ ಗಾಡಿ ಹತ್ತಿದ. ಯಾರೂ ಅವನನ್ನು ಕರೆಯಲಿಲ್ಲ.’ ಮುದ್ದೆ ಎಲ್ಲಿದೆ ಇದ್ರಲ್ಲಿ?”

“ಮಂದಾ, ಅಲ್ಲಿ ತೂತಿತ್ತು ಕಣೆ...”

“ನಾನು ಎಲ್ಲಿಗೂ ಹೋಗ್ಬಾರ್ದು, ಇಲ್ಲೇ ನಿನ್ನ ಮುದ್ದೆ ತಿಂದ್ಕೊಂಡು ಬಿದ್ದಿರ್ಬೇಕು ಅಂತ ತಾನೇ? ಹುಟ್ಟಿದಾಗಿಂದ ಸುಳ್ಳೇ ಓದಿದ್ದೀಯ.”

ನನ್ನನ್ನು ಹಿಟ್ಟಿನ ಪರಾತದ ಪಕ್ಕಕ್ಕೆ ಎಸೆದು ಹೋದಳು. ರಟ್ಟಿನ ಒಂದು ಮೂಲೆ ಮುರಿಯಿತು, ಅದು ಈಗಲೂ ಹಾಗೇ ಇದೆ. ಹೇಮಾವತಿ ಹಿಟ್ಟು ಕೊಡವಿ ನನ್ನನ್ನು ತೆಗೆದಿಟ್ಟಳು. ನೋವಾದದ್ದು ರಟ್ಟಿಗಲ್ಲ. ತಮ್ಮನಲ್ಲಿ ಇದೆ, ನನ್ನಲ್ಲಿ ಇಲ್ಲ ಎಂದು ಮಂದಾಳ ಬಾಯಲ್ಲಿ ಕೇಳಬೇಕಾಯಿತಲ್ಲ, ಅದಕ್ಕೆ.

ಮಾರನೆಯ ದಿನ ಕಾಲೇಜಿಗೆ ಹೋದ ಮಂದಾ ಮಧ್ಯಾಹ್ನದ ಊಟಕ್ಕೆ ಬರಲಿಲ್ಲ. ಎರಡು ಜೊತೆ ಬಟ್ಟೆ ಕಾಣಲಿಲ್ಲ. ಗೂಡಿನಲ್ಲಿ ನನ್ನ ಪಕ್ಕದ ಜಾಗವೂ ಖಾಲಿ. ತಿಪ್ಪೇಸ್ವಾಮಿ ಶಿಫ್ಟಿನಲ್ಲಿದ್ದ. ತಾರಕ್ಕ ಓಡಿಬಂದು ಸ್ನೇಹಿತೆಯರ ಮನೆಗೆಲ್ಲ ಹೋಗಿ ಕೇಳೋಣ ಎಂದಳು. ಹೇಮಾವತಿ ಗೂಡಿನ ಖಾಲಿ ಜಾಗವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ನನ್ನನ್ನು ತೆಗೆದು ಚೀಲಕ್ಕೆ ಹಾಕಿಕೊಂಡಳು.

“ಎಲ್ಲಿಗೆ ಹೇಮಾ?”

“ಬೀರೂರಿಗೆ.”

“ಬೀರೂರಲ್ಲಿ ನಿಮ್ಮೋರು ಯಾರಿದ್ದಾರೆ?”

ಹೇಮಾವತಿ ಆಗಲೇ ಬಾಗಿಲು ದಾಟಿದ್ದಳು. ಬಸ್ಸಿನ ದಾರಿಯುದ್ದಕ್ಕೂ ಚೀಲವನ್ನು ಎದೆಗೆ ಒತ್ತಿಕೊಂಡಿದ್ದಳು. ಅವಳ ಎದೆ ಹೊಡೆದುಕೊಳ್ಳುವುದು ನನಗೆ ಹಾಳೆಹಾಳೆಗೂ ಕೇಳಿಸುತ್ತಿತ್ತು. ಮಗಳು ಗಾಡಿ ಹತ್ತಿದ್ದರೆ ಎಂಬುದೊಂದೇ ಅವಳ ಯೋಚನೆ. ನನ್ನದು ಇನ್ನೂ ಸಣ್ಣ ಯೋಚನೆ. ಇಷ್ಟು ಅವಸರದಲ್ಲಿ ಅವಳು ಕೈಗೆ ತೆಗೆದುಕೊಂಡದ್ದು ನನ್ನನ್ನು ಎಂದು ಹಿಗ್ಗುತ್ತಿದ್ದೆ. ಎಂಥ ಹೊತ್ತಿನಲ್ಲಿ ಎಂಥ ಹಿಗ್ಗು.

ವೇಟಿಂಗ್ ರೂಮು ಕಥೆಯಲ್ಲಿದ್ದ ಹಾಗೇ ಇತ್ತು. ಎತ್ತರದ ಕಿಟಕಿ, ಬೆತ್ತ ಹರಿದ ಕುರ್ಚಿ, ಗೋಡೆಯುದ್ದಕ್ಕೂ ಮರದ ಬೆಂಚು. ಬೆಂಚಿನ ತುದಿಯಲ್ಲಿ ಮಂದಾ. ತೊಡೆಯ ಮೇಲೆ ಬಟ್ಟೆಯ ಗಂಟು, ಗಂಟಿನ ಮೇಲೆ ಆ ಪುಸ್ತಕ. ಪುಸ್ತಕದೊಳಗೆ ಹುಬ್ಬಳ್ಳಿಯ ಟಿಕೆಟ್ಟು ಅರ್ಧ ಇಣುಕುತ್ತಿತ್ತು.

ಹೇಮಾವತಿ ಬೈಯಲಿಲ್ಲ. ಪಕ್ಕದಲ್ಲಿ ಕೂತಳು. ಮಂದಾ ತಾಯಿಯನ್ನು ನೋಡಿ ಮುಖ ತಿರುಗಿಸಿದಳು.

“ಹೆಂಗೆ ಗೊತ್ತಾಯ್ತು?”

“ನಾನೂ ಓದಿದ್ದೀನಲ್ಲ. ಕಡೇ ಪುಟ ಒಂದು ಬಿಟ್ಟು.”

ಹೇಮಾವತಿ ಕೈ ಚಾಚಿದಳು. “ಕೊಡಿಲ್ಲಿ ಅದನ್ನ. ಓದ್ತೀನಿ.”

ಮಂದಾ ಟಿಕೆಟ್ಟು ತೆಗೆದುಕೊಂಡು ಪುಸ್ತಕ ಕೊಟ್ಟಳು. ಹೇಮಾವತಿ ಚೀಲದಿಂದ ನನ್ನನ್ನು ತೆಗೆದು ಬೆಂಚಿನ ಮೇಲಿಟ್ಟು, ಕಡೆಯ ಹಾಳೆ ಬಿಡಿಸಿ, ತೂತು ಎಲ್ಲಿ ಶುರುವಾಗುತ್ತದೆಂದು ನೋಡಿಕೊಂಡಳು. ಆಮೇಲೆ ಅದರಲ್ಲಿ ಅದೇ ಜಾಗ ಹುಡುಕಿ, ಅಲ್ಲಿಂದ ಎರಡು ಪುಟ ಹಿಂದಕ್ಕೆ ಹೋಗಿ ಓದತೊಡಗಿದಳು. ಸಾಲಿನ ಕೆಳಗೆ ಬೆರಳಿಟ್ಟು, ತುಟಿ ಆಡಿಸುತ್ತಾ, ನನ್ನನ್ನು ಓದುತ್ತಿದ್ದ ಹಾಗೆಯೇ. ಆ ಬೆರಳು ಬೇರೆಯವನ ಮೈಮೇಲೆ ಓಡಾಡುವುದನ್ನು ಕಣ್ಣಾರೆ ನೋಡಿದೆ. ಹೊಟ್ಟೆ ಉರಿಯುವುದು ಎಂದರೇನು ಎಂದು ನನ್ನನ್ನು ಕೇಳಿ.

ಹುಬ್ಬಳ್ಳಿ ಗಾಡಿ ಬಂತು. ಮಂದಾ ಎದ್ದಳು. ಗಂಟು ಎತ್ತಿಕೊಂಡು ಬಾಗಿಲ ತನಕ ಹೋಗಿ ತಿರುಗಿ ನೋಡಿದಳು. ತಾಯಿ ತಲೆ ಎತ್ತಿರಲಿಲ್ಲ.

“ಅಮ್ಮ, ಗಾಡಿ ಬಂತು.”

“ಇರೇ. ಒಂದೂವರೆ ಪುಟ ಇದೆ.”

“ಅಮ್ಮ.”

“ಮಧ್ಯದಲ್ಲಿ ಎಬ್ಬಿಸ್ಬೇಡ ಕಣೆ. ಇಷ್ಟು ವರ್ಷ ಕಾದಿದ್ದೀನಿ.”

ಮಗಳನ್ನು ತಡೆಯುವ ಉಪಾಯ ಅದು ಎಂದು ಯಾರಾದರೂ ಹೇಳಿಯಾರು. ನಾನು ಅವಳ ಕೈಯಲ್ಲಿ ಬೆಳೆದವನು, ನನಗೆ ಗೊತ್ತು. ಉಪಾಯವಲ್ಲ, ಹಸಿವು. ಮಂದಾ ಬಾಗಿಲಲ್ಲಿ ನಿಂತೇ ಇದ್ದಳು, ಒಮ್ಮೆ ಗಾಡಿಯ ಕಡೆ, ಒಮ್ಮೆ ತಾಯಿಯ ಬೆರಳಿನ ಕಡೆ ನೋಡುತ್ತಾ. ಅವಳು ಏನು ಹೇಳಿಸಿಕೊಳ್ಳಲು ನಿಂತಿದ್ದಳೋ ನಾನು ಹೇಳಲಾರೆ. ಗಾರ್ಡು ಸೀಟಿ ಊದಿದ. ಗಾಡಿ ಹೋಯಿತು. ಹೇಮಾವತಿ ಪುಟ ಮುಗಿಸಿ ಪುಸ್ತಕ ಮುಚ್ಚಿದಳು.

“ಹತ್ತೇಬಿಟ್ಟ,” ಎಂದಳು.

“ಹೂಂ.”

“ಚೆನ್ನಾಗಿ ಬರೆದಿದ್ದಾರೆ. ನಾನು ಹೇಳಿದ್ದಕ್ಕಿಂತ ಚೆನ್ನಾಗಿದೆ.” ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡಳು. “ನಿಂಗೆ ಸುಳ್ಳು ಹೇಳ್ಬೇಕು ಅಂತ ಇರ್ಲಿಲ್ಲ ಮಂದಾ. ಅಲ್ಲಿ ಏನೂ ಇರ್ಲಿಲ್ಲ. ನೀನು ತೂತಲ್ಲಿ ಕಣ್ಣಿಟ್ಟು ಆಮೇಲೆ, ಆಮೇಲೆ ಅಂತಿದ್ದೆ. ಏನಾದ್ರೂ ಹೇಳ್ಬೇಕಿತ್ತು.”

ಮಂದಾ ಗಂಟನ್ನು ಕೆಳಗಿಟ್ಟು ಬಂದು ತಾಯಿಯ ಪಕ್ಕ ಕೂತಳು. ಭದ್ರಾವತಿ ಮೇಲೆ ಹೋಗುವ ಶಿವಮೊಗ್ಗದ ಪ್ಯಾಸೆಂಜರು ಬಂದಾಗ ಇಬ್ಬರೂ ಎದ್ದರು. ಹೇಮಾವತಿ ಒಂದು ಕೈಯಲ್ಲಿ ಮಗಳ ಕೈ ಹಿಡಿದಿದ್ದಳು, ಇನ್ನೊಂದರಲ್ಲಿ ಪುಸ್ತಕ. ಆ ಪುಸ್ತಕ. ನಾನು ಬೆಂಚಿನ ಮೇಲೆ, ಕಡೆಯ ಹಾಳೆ ಬಿಡಿಸಿಕೊಂಡು, ಬಿದ್ದಿದ್ದೆ. ಗಾಡಿ ಹೊರಟಿತು. ಯಾರೂ ನನ್ನನ್ನು ಕರೆಯಲಿಲ್ಲ.

ನನ್ನನ್ನು ಎತ್ತಿಕೊಂಡವರು ಟಿಕೆಟ್ ಕೊಡುವ ಗುಮಾಸ್ತರು. ನರೆತ ಕೂದಲು, ಬಗ್ಗಿದ ಬೆನ್ನು. ಕಸದ ಬುಟ್ಟಿಗೆ ಹಾಕುತ್ತಾರೆ ಎಂದುಕೊಂಡೆ. ಅವರು ಒಂದು ಹಾಳೆ ತಿರುವಿದರು, ಇನ್ನೊಂದು ತಿರುವಿದರು, ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟರು. ನನ್ನನ್ನು ಮನೆಗೆ ಕೊಂಡುಹೋಗದೆ ತಮ್ಮ ಟಿಕೆಟ್ ಕಿಂಡಿಯ ಒಳಗೇ, ಮೇಜಿನ ಮೇಲೆ ಇಟ್ಟುಕೊಂಡರು. ಕೈ ಬಿಡುವಾದಾಗಲೆಲ್ಲ ನನ್ನ ಚಿತ್ರಗಳನ್ನು ನೋಡುತ್ತಿದ್ದರು. ತೂತಿನ ಮೇಲೆ ಬೆರಳಾಡಿಸುತ್ತಿದ್ದರು.

ಎರಡು ದಿನದ ಮೇಲೆ ಕಿಂಡಿಯಲ್ಲಿ ಒಂದು ಕೈ ಬಂತು. ದುಡ್ಡಿರಲಿಲ್ಲ ಅದರಲ್ಲಿ.

“ಸಾರ್, ವೇಟಿಂಗ್ ರೂಮಲ್ಲಿ ಒಂದು ಹೊಲಿದ ಪುಸ್ತಕ ಬಿಟ್ಟುಹೋಗಿದ್ವಿ. ನಮ್ಮಮ್ಮನದು.”

ಮಂದಾ. ನನ್ನನ್ನು ಪರಾತದ ಪಕ್ಕಕ್ಕೆ ಎಸೆದವಳು. ಗುಮಾಸ್ತರು ಬಗ್ಗಿ ಅವಳ ಮುಖ ನೋಡಿದರು.

“ಮೊನ್ನೆ ಹುಬ್ಬಳ್ಳಿ ಒಂದು ಅಂತ ಕೇಳಿದೋಳು ನೀನೇ ಅಲ್ವೇನಮ್ಮ? ದೊಡ್ಡಮ್ಮನ ಮನೆಗೆ ಅಂದಿದ್ದೆ. ಇವತ್ತು ಯಾರ ಜೊತೆ ಬಂದೆ?”

“ಒಬ್ಬಳೇ. ಅಮ್ಮನೇ ಕಳಿಸಿದ್ದು. ಒಬ್ಬಳೇ ಹೋಗಿ ತಗೊಂಡು ಬಾ ಅಂದ್ಳು.”

ಗುಮಾಸ್ತರು ಅವಳನ್ನು ಒಳಗೆ ಕರೆದು ಕೂರಿಸಿದರು. ತಮ್ಮ ಹೆಸರು ವಿರೂಪಾಕ್ಷಯ್ಯ ಎಂದರು. ಮಂದಾ ಎದ್ದು ನಿಂತುಬಿಟ್ಟಳು. ಅವಳ ಉಪಪಠ್ಯದ ಮೊದಲ ಪುಟದಲ್ಲಿದ್ದ ಹೆಸರು ಅದು. ಇಂಥ ದೊಡ್ಡ ಕಾದಂಬರಿ ಬರೆದವರು ಹೀಗೆ ಕಿಂಡಿಯ ಹಿಂದೆ ಕೂತು ಟಿಕೆಟ್ ಕೊಡುತ್ತಿರುತ್ತಾರೆಂದು ಯಾವ ಮೇಷ್ಟರೂ ಅವಳಿಗೆ ಹೇಳಿರಲಿಲ್ಲ.

“ಕೂತ್ಕೊ ತಾಯಿ. ಪಂಪಾಪತಿ ಯಾರು ಅಂತ ಎಲ್ಲರೂ ಕೇಳ್ತಾರೆ, ನಾನು ಹೇಳಿಲ್ಲ. ನಮ್ಮ ಹುಡುಗ. ಶಾಲೆ ಬಿಟ್ಟಮೇಲೆ ಆ ವೇಟಿಂಗ್ ರೂಮಲ್ಲಿ ಕೂತಿರ್ತಿದ್ನಂತೆ. ಗೋಡೆ ಈಚೆ ನಾನು. ಈ ಕಿಂಡೀಲಿ ನಂಗೆ ಕಾಣೋದು ಕೈ ಮಾತ್ರ. ಒಂದಿನ ಒಂದು ಕೈ ಬಂತು, ಹುಬ್ಬಳ್ಳಿ ಒಂದು ಅಂತು. ಕೊಟ್ಟೆ. ಚಿಲ್ಲರೆ ಎಣಿಸಿ ಕೊಟ್ಟೆ.”

“ದನಿ ಗೊತ್ತಾಗ್ಲಿಲ್ವಾ ಸಾರ್?”

“ಆಗತಾನೇ ಒಡೆದಿತ್ತಮ್ಮ ಅವನ ದನಿ. ಮನೇಲಿ ಮಾತು ಬಿಟ್ಟು ಎಷ್ಟೋ ತಿಂಗಳಾಗಿತ್ತು. ಹೊಸ ದನಿ ನಾನು ಕೇಳೇ ಇರ್ಲಿಲ್ಲ.”

ಅವರು ಕಥೆ ಬರೆದದ್ದು ಆಮೇಲೆ. ಪುಸ್ತಕದಂಗಡಿ ಇಲ್ಲದ ಊರಲ್ಲೂ ವಾರಪತ್ರಿಕೆ ಸಿಗುತ್ತದೆ, ಮಗ ಎಲ್ಲಿದ್ದರೂ ಒಂದು ಗುರುವಾರ ಕಣ್ಣಿಗೆ ಬೀಳುತ್ತದೆ ಎಂದು ವಾರಕ್ಕೊಂದು ಕಂತು ಬರೆದು ಕಳಿಸಿದರು. ಕಡೆಯ ಕಂತಿನಲ್ಲಿ ಪಂಪಾಪತಿ ಗಾಡಿ ಹತ್ತಲಿಲ್ಲ. ಮನೆಯ ಬಾಗಿಲ ತನಕ ಬಂದ. ಅಲ್ಲಿಗೆ ‘ಮುಗಿಯಿತು’ ಎಂದು ಹಾಕಿದರು. ಎರಡು ವರ್ಷ ಕಾದರು, ಮಗ ಬರಲಿಲ್ಲ. ಪುಸ್ತಕವಾಗಿ ಅಚ್ಚಾಗುವಾಗ ಕೊನೆಯನ್ನು ಬದಲಿಸಿ, ಅವನನ್ನು ಗಾಡಿ ಹತ್ತಿಸಿದರು. ಜನ ಆ ಕೊನೆಯನ್ನೇ ಮೆಚ್ಚಿದರು.

ಕೇಳುತ್ತಾ ಕೇಳುತ್ತಾ ನನ್ನ ಹಾಳೆಗಳು ನೆಟ್ಟಗಾದವು. ತೂತಿದ್ದರೂ ಮೊದಲ ಮಾತು ನನ್ನದೇ ಆಗಿತ್ತು. ತಮ್ಮನದು ಆಮೇಲಿನ ತಿದ್ದುಪಡಿ. ಈ ಒಂದು ಗಳಿಗೆಗಾಗಿ ನಾನು ಇಷ್ಟು ವರ್ಷ ಉರಿದಿದ್ದೆ.

ವಿರೂಪಾಕ್ಷಯ್ಯನವರು ಪೆನ್ನು ತೆಗೆದರು. “ಒಂದು ಬಿಳಿ ಕಾಗದ ಅಂಟಿಸಿ, ಹಳೇ ಕೊನೆ ಬರೆದುಕೊಡ್ಲೇನಮ್ಮ? ನಂಗೆ ಬಾಯಿಪಾಠ ಇದೆ.”

ಮಂದಾ ನನ್ನನ್ನು ಎಳೆದುಕೊಂಡಳು. “ಬೇಡ ಸಾರ್. ಅಲ್ಲಿ ನಮ್ಮಮ್ಮ ಹೇಳಿದ್ದು ಇದೆ.”

“ಏನು ಹೇಳಿದ್ರು?”

ಮಂದಾ ತಾಯಿಯ ದನಿಯಲ್ಲೇ ಹೇಳಿದಳು. ಗಾಡಿ ನೋಡಿದ್ದು, ಮನೆಗೆ ಹೋದದ್ದು, ಎಲ್ಲಿಗೆ ಹೋಗಿದ್ದೆ ಎಂದು ಕೇಳದಿದ್ದದ್ದು, ಮುಚ್ಚಿಟ್ಟ ಮುದ್ದೆ ಬಿಸಿಯಾಗಿದ್ದದ್ದು.

“ಮುಚ್ಚಿಟ್ಟ ಮುದ್ದೆ ಹೆಂಗಮ್ಮ ಬಿಸಿ ಇರುತ್ತೆ?” ಎಂದರು ವಿರೂಪಾಕ್ಷಯ್ಯ.

“ಈಗತಾನೇ ಮುಚ್ಚಿಟ್ಟಿದ್ರಂತೆ.”

ಮುದುಕರು ಪೆನ್ನಿನ ಮುಚ್ಚಳ ಹಾಕಿದರು. ಕಿಂಡಿಯಲ್ಲಿ ಯಾರದೋ ಕೈ ಬಂದು ತರೀಕೆರೆ ಎರಡು ಎಂದಿತು. ಅವರು ಬಗ್ಗಿ ಮುಖ ನೋಡಿ ಟಿಕೆಟ್ ಕೊಟ್ಟು ಬಂದು ಕೂತರು.

“ಹಾಗಾದ್ರೆ ಅವನು ಬರೋದು ಅವನಮ್ಮನಿಗೆ ಗೊತ್ತಿತ್ತು,” ಎಂದರು. “ದಿನಾ ಆ ಹೊತ್ತಿಗೆ ಬಿಸಿ ಮಾಡಿಡ್ತಿದ್ಳು.” ಪೆನ್ನನ್ನು ಜೇಬಿಗೆ ಸಿಕ್ಕಿಸಿ, “ನಮ್ಮನೆಯಾಕೆ ಈಗಲೂ ಮೂರು ತಟ್ಟೆ ಹಾಕ್ತಾಳೆ. ನಾನು ಬೈತೀನಿ,” ಎಂದರು.

ಮಂದಾ ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಊರಿಗೆ ಬಂದಳು. ಮನೆಗೆ ಬಂದು ನೋಡಿದರೆ ಹೇಮಾವತಿ ಆ ಪುಸ್ತಕವನ್ನು ಮೊದಲಿನಿಂದ ಓದುತ್ತಾ ಕೂತಿದ್ದಳು. ನನ್ನನ್ನು ಕಂಡು ಎದ್ದು ಬಂದಳು ನಿಜ, ಮುರಿದ ಮೂಲೆ ಸವರಿದಳು ನಿಜ. ಆದರೆ ಅದನ್ನು ಮುಚ್ಚುವಾಗ ಎಲ್ಲಿ ನಿಲ್ಲಿಸಿದೆನೆಂದು ಗುರುತಿಗೆ ಹುಣಸೆ ಎಲೆಯ ಕಡ್ಡಿ ಇಟ್ಟೇ ಮುಚ್ಚಿದಳು. ಮಂದಾ ಅವತ್ತು ಪೂರ್ತಿ ಮಾತಾಡಿದಳು ಎಂದೇನಲ್ಲ. ಬೀರೂರಿನ ವಿಷಯ ಹೇಳಿದಳು, ಎರಡು ಸಲ ಊಟ ಮಾಡಿದಳು. ಮಾರನೆಯ ದಿನ ಮತ್ತೆ ಕಲ್ಲಿನ ಮೇಲೆ ಕೂತಳು. ಹೇಮಾವತಿ ಕೇಳಲಿಲ್ಲ. ಮಗಳು ಒಳಗೆ ಬರುವ ಹೊತ್ತಿಗೆ ಒಲೆ ಹಚ್ಚುತ್ತಿದ್ದಳು.

ಅದೆಲ್ಲ ಹಳೆಯ ಮಾತು. ಹೇಮಾವತಿ ಹೋಗಿ ಬಹಳ ಕಾಲವಾಯಿತು. ನಾನೀಗ ಶಿವಮೊಗ್ಗದಲ್ಲಿ, ಮಂದಾಳ ಮನೆಯ ಕಪಾಟಿನಲ್ಲಿದ್ದೇನೆ. ನೂಲು ಸಡಿಲವಾಗಿದೆ, ಹಾಳೆ ಮುಟ್ಟಿದರೆ ಅಂಚು ಉದುರುತ್ತದೆ. ಪಕ್ಕದಲ್ಲಿ ಅದೂ ಇದೆ. ಹೊಸ ಮುದ್ರಣ, ಬಂಗಾರದ ಅಕ್ಷರ. ಹೊಟ್ಟೆಕಿಚ್ಚು ಹೋಯಿತೇ ಎಂದರೆ ಹೋಗಿಲ್ಲ. ಮನೆಗೆ ಬಂದವರು ಕೈ ಚಾಚುವುದು ಅದಕ್ಕೇ, ಮೇಷ್ಟರುಗಳು ಹೊಗಳುವುದು ಅದನ್ನೇ.

ಮೊನ್ನೆ ಮಂದಾಳ ಮಗಳು ಬಾಗಿಲು ಧಡಾರನೆ ಹಾಕಿಕೊಂಡು ಕೋಣೆ ಸೇರಿದಳು. ಹದಿನೈದು ವರ್ಷ. ಏನಾಯಿತೆಂದು ಕೇಳಿದ್ದಕ್ಕೆ ಏನಿಲ್ಲ ಎಂದಿದ್ದಳು. ಮಂದಾ ಕಪಾಟಿನ ಮುಂದೆ ಬಂದು ನಿಂತಳು. ಕೈ ಮೊದಲು ಬಂಗಾರದ ಅಕ್ಷರದ ಮೇಲೆ ಹೋಯಿತು. ಆಮೇಲೆ ಆ ಕೈ ಪಕ್ಕಕ್ಕೆ ಸರಿದು ನನ್ನ ಖಾಕಿ ಬೆನ್ನನ್ನು ಹಿಡಿಯಿತು.

ಆ ಪುಸ್ತಕದಲ್ಲಿ ‘ಮುಗಿಯಿತು’ ಎಂದು ಇದೆ. ನನ್ನಲ್ಲಿ ಆ ಮಾತಿಲ್ಲ, ಅದು ಹೊಳಲ್ಕೆರೆಯ ಒಂದು ಅಡುಗೆಮನೆಯ ಗೋಡೆಗೆ ಅಂಟಿಕೊಂಡುಬಿಟ್ಟಿತು. ಮಂದಾ ಅಡುಗೆಮನೆಗೆ ಹೋಗಿ ಮುದ್ದೆಗೆ ಎಸರಿಟ್ಟು ಬಂದು, ಮಗಳ ಬಾಗಿಲ ಹೊರಗೆ ನೆಲದ ಮೇಲೆ ಕೂತು, ನನ್ನನ್ನು ಬಿಡಿಸಿ, ಗಟ್ಟಿಯಾಗಿ ಓದತೊಡಗಿದಳು.